ಪಿಟೀಲಿಗೊಂದು ಕುರ್ಚಿ, ಕುರ್ಚಿಗೊಬ್ಬ ದಾನಿ

ನಮ್ಮ ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣ ಬಂತು. ಅವತ್ತಿನಿಂದ ಊರಿನ ಗಣ್ಯರಿಗೆ ಒಂದೇ ಚಿಂತೆ. ವಿಮಾನ ಇಳಿಯುವ ಊರಲ್ಲಿ ಇನ್ನೂ ಏನೇನು ಇರಬೇಕು? ಯುರೋಪ್ ಪ್ರವಾಸ ಮುಗಿಸಿ ಬಂದವರೊಬ್ಬರು ಗಾಂಧಿ ಬಜಾರಿನ ಹತ್ತಿರದ ಹೋಟೆಲಲ್ಲಿ ಮಸಾಲೆದೋಸೆ ಮುರಿಯುತ್ತಾ ಉತ್ತರ ಕೊಟ್ಟರು. "ಸಿಂಫನಿ ಆರ್ಕೆಸ್ಟ್ರಾ ಇರ್ಬೇಕು ಕಣ್ರಿ. ವಿಯೆನ್ನಾದಲ್ಲಿ ಇದೆ." ವಿಯೆನ್ನಾದಲ್ಲಿ ಒಳಚರಂಡಿಯೂ ಇದೆ ಅಂತ ನಾನು ಹೇಳಬೇಕಿತ್ತು. ಬಾಯಲ್ಲಿ ದೋಸೆ ಇತ್ತು.

ಸಮಿತಿ ಅಲ್ಲೇ ಆಯಿತು. ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಏಳು ಜನ ಉಪಾಧ್ಯಕ್ಷರು. ಓಡಾಡೋಕೆ ಒಬ್ಬರು ಬೇಕಲ್ಲ, ಹಣ ಸಂಗ್ರಹದ ಸಂಚಾಲಕ ಅಂತ ನನ್ನನ್ನು ಮಾಡಿದರು. ನನಗೇನು ಸಂಗೀತ ಬರುತ್ತಾ? "ಮೂವತ್ತು ವರ್ಷ ಬ್ಯಾಂಕಲ್ಲಿ ಸಾಲ ವಸೂಲಿ ಮಾಡಿದೋರು ನೀವು. ದೇಣಿಗೆ ಏನ್ ಮಹಾ?" ಸಾಲಗಾರನಿಗೆ ತಾನು ಕೊಡಬೇಕು ಅನ್ನುವುದಾದರೂ ಗೊತ್ತಿರುತ್ತದೆ ಸ್ವಾಮಿ.

ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಆರ್ಕೆಸ್ಟ್ರಾ ಅಂದರೆ ಗಣಪತಿ ಹಬ್ಬದ ರಸಮಂಜರಿ. ದುರ್ಗಿಗುಡಿಯ ಅಂಗಡಿಯವರೊಬ್ಬರು ರಸೀದಿ ಪುಸ್ತಕ ಕಂಡಿದ್ದೇ ಐನೂರರ ಎರಡು ನೋಟು ತೆಗೆದರು. "ಡ್ಯಾನ್ಸ್ ಇದೆ ಅಲ್ವಾ?" ಇಲ್ಲ ಅಂದೆ. ಒಂದು ನೋಟು ಗಲ್ಲಾಪೆಟ್ಟಿಗೆಗೆ ವಾಪಸ್ ಹೋಯಿತು. "ಹಾಡೋರು ಯಾರು?" ಯಾರೂ ಹಾಡಲ್ಲ, ತೊಂಬತ್ತು ಜನ ಕೂತು ನುಡಿಸ್ತಾರೆ ಅಂದೆ. ಇನ್ನೊಂದಕ್ಕೆ ಅವರು ಚಿಲ್ಲರೆ ಹುಡುಕತೊಡಗಿದರು.

ಸಿಂಫನಿಯ ಲೆಕ್ಕವೇ ಬೇರೆ. ಪೂರ್ತಿ ತಂಡ ಅಂದರೆ ಎಂಬತ್ತು ತೊಂಬತ್ತು ಜನ. ಪಿಟೀಲಿನವರೇ ಹತ್ತಿರ ಹತ್ತಿರ ಮೂವತ್ತು. ಇವರು ಸಂಜೆ ಬಂದು ನುಡಿಸಿ ಬಸ್ ಹತ್ತಿ ಹೋದರೆ ನಡೆಯುವುದಿಲ್ಲ. ಒಟ್ಟಿಗೆ ಕೂತು ಅಭ್ಯಾಸ ಮಾಡಬೇಕು, ತಿಂಗಳಾದರೆ ಸಂಬಳ ಬೀಳಬೇಕು. ಟಿಕೆಟ್ ದುಡ್ಡಲ್ಲಿ ಇದು ಸರಿದೂಗುವುದಿಲ್ಲ. ಸರ್ಕಾರ ಕೊಡಬೇಕು, ಇಲ್ಲಾ ದಾನಿಗಳು ಕೊಡಬೇಕು. ಇಷ್ಟು ದೊಡ್ಡ ದೇಶದಲ್ಲೇ ಅಂಥ ವೃತ್ತಿಪರ ಸಿಂಫನಿ ಅಂತ ಹೇಳಿಕೊಳ್ಳಲು ಇರುವುದು ಒಂದು, ಮುಂಬೈಯ ಕಲಾಕೇಂದ್ರ ಎನ್‌ಸಿಪಿಎ 2006ರಲ್ಲಿ ಶುರು ಮಾಡಿದ್ದು. ಇದನ್ನೆಲ್ಲ ಸಭೆಯಲ್ಲಿ ಬಿಡಿಸಿ ಹೇಳಿದೆ. ಹೆದರುತ್ತಾರೆ ಅಂದುಕೊಂಡಿದ್ದೆ. ಕಾರ್ಯಾಧ್ಯಕ್ಷರು ಮೇಜು ಕುಟ್ಟಿದರು. "ಹಾಗಾದ್ರೆ ನಮ್ದು ಎರಡನೇದು!"

ಕಂಪನಿಗಳನ್ನು ಹಿಡೀರಿ ಅಂದರು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಆ ಪಟ್ಟಿಯಲ್ಲಿ ಕಲೆ ಸಂಸ್ಕೃತಿಗೂ ಜಾಗ ಇದೆ. ಬೆಂಗಳೂರಿನ ಒಂದು ಆಫೀಸಲ್ಲಿ ತುಂಬಾ ಮರ್ಯಾದೆಯಿಂದ ಫಾರಂ ಕೊಟ್ಟರು. ಫಲಾನುಭವಿಗಳ ಸಂಖ್ಯೆ ಎಷ್ಟು? ಯೋಜನೆಗೆ ಮೊದಲಿನ ಫೋಟೋ, ನಂತರದ ಫೋಟೋ ಲಗತ್ತಿಸಿ. ಬೀಥೋವನ್ ಕೇಳುವ ಮೊದಲು ನಾನು, ಕೇಳಿದ ಮೇಲೆ ನಾನು ಅಂತ ಎರಡು ಕೊಡಬಹುದಿತ್ತು. ಎರಡರಲ್ಲೂ ಬೋಳುತಲೆ ಒಂದೇ ಥರ ಬರುತ್ತೆ.

ಪರದೇಶದಲ್ಲಿ ದಾನಿಗಳಲ್ಲಿ ಪ್ಲಾಟಿನಂ, ಚಿನ್ನ, ಬೆಳ್ಳಿ ಅಂತ ದರ್ಜೆ ಮಾಡುತ್ತಾರೆ. ನಮ್ಮ ಜಿಲ್ಲೆಗೆ ಚಿನ್ನಕ್ಕಿಂತ ಅಡಿಕೆ ಬೇಗ ಅರ್ಥವಾಗುತ್ತದೆ. ಅದಕ್ಕೆ ಮಂಡಿಯಲ್ಲಿ ಅಡಿಕೆಗಿರುವ ದರ್ಜೆಗಳನ್ನೇ ದಾನಿಗಳಿಗೆ ಇಟ್ಟೆ. ಐದು ಲಕ್ಷ ಕೊಟ್ಟವರು ಸರಕು ದಾನಿ, ಎರಡು ಲಕ್ಷಕ್ಕೆ ಬೆಟ್ಟೆ, ಐವತ್ತು ಸಾವಿರಕ್ಕೆ ರಾಶಿ, ಅದಕ್ಕಿಂತ ಕೆಳಗಿನವರು ಗೊರಬಲು. ಉಪಾಯ ನನ್ನದೇ, ಅನುಭವಿಸಿದ್ದೂ ನಾನೇ. ಗೊರಬಲು ದಾನಿ ಅಂತ ರಸೀದಿ ಬರೆಸಿಕೊಳ್ಳಲು ಒಬ್ಬರೂ ಮುಂದೆ ಬರಲಿಲ್ಲ. ಹತ್ತು ಸಾವಿರ ಎತ್ತಿಟ್ಟವರು ಮರ್ಯಾದೆಗೆ ಅಂಜಿ ಅದನ್ನೂ ಕೊಡಲಿಲ್ಲ. ಕೊನೆಗೆ ಎಲ್ಲರೂ ಸರಕೇ ಅಂತ ತೀರ್ಮಾನವಾಯಿತು. ಮೊತ್ತ ಮಾತ್ರ ಗೊರಬಲು.

ತೀರ್ಥಹಳ್ಳಿ ಕಡೆಯ ಗೌಡರೊಬ್ಬರ ಜಗಲಿಯಲ್ಲಿ ಕೂತ ಸಂಜೆ ಮಾತ್ರ ನೆನಪಲ್ಲಿದೆ. ಹೊರಗೆ ಅಂಗಳದಲ್ಲಿ ಅಡಿಕೆ ಒಣಗಿತ್ತು. ಎಲೆಯಡಿಕೆ ತಟ್ಟೆ ನನ್ನ ಕಡೆ ಸರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿದರು. "ತೊಂಬತ್ತು ಜನ ಅಂದ್ರಾ? ಅಷ್ಟೂ ಜನಕ್ಕೆ ಊಟ ಎಲ್ಲಿ ಮಾರಾಯ್ರೆ?" ಆರು ತಿಂಗಳ ಓಡಾಟದಲ್ಲಿ ನುಡಿಸುವವರ ಬಗ್ಗೆ ಯಾರಾದರೂ ಕೇಳಿದ್ದು ಅದೊಂದೇ ಪ್ರಶ್ನೆ. "ಎಲೆಚುಕ್ಕೆ ರೋಗದಲ್ಲಿ ತೋಟ ಅರ್ಧ ಹೋಗಿದೆ, ದುಡ್ಡು ಕೇಳ್ಬೇಡಿ. ಅವತ್ತಿನ ಊಟ ನಂದು."

ಆಮೇಲೆ ಕುರ್ಚಿ ಪ್ರಕರಣ. ಅಮೆರಿಕದಲ್ಲಿ ಒಂದು ಪದ್ಧತಿ ಇದೆ. ದಾನಿ ದೊಡ್ಡ ಇಡುಗಂಟು ಕೊಡುತ್ತಾನೆ, ಅದರ ಆದಾಯ ಒಬ್ಬ ವಾದಕನ ಸಂಬಳಕ್ಕೆ ಹೋಗುತ್ತದೆ, ಆ ಸ್ಥಾನಕ್ಕೆ ದಾನಿಯ ಹೆಸರು. ಅದಕ್ಕೆ ಅವರು ಕುರ್ಚಿ ಅನ್ನುತ್ತಾರೆ. ನಾನು ಕರಪತ್ರದಲ್ಲಿ 'ಒಂದು ಕುರ್ಚಿಗೆ ನಿಮ್ಮ ಹೆಸರು' ಅಂತ ಹಾಕಿಸಿದೆ. ಜನ ಮುಗಿಬಿದ್ದರು. ಎರಡೇ ವಾರದಲ್ಲಿ ನಲವತ್ತು ಕುರ್ಚಿ ಖಾಲಿ.

ಬಂದ ಹಣದಲ್ಲಿ ಫ್ಲೆಕ್ಸ್, ಶಾಲು, ಮೈಸೂರು ಪೇಟ, ಗಂಧದ ಹಾರ, ಸ್ಮರಣಿಕೆ ಎಲ್ಲ ಕಳೆದೆವು. ಉಳಿದದ್ದಕ್ಕೆ ಬೆಂಗಳೂರಿಂದ ನಾಲ್ಕು ಜನ ಬಂದರು. ಎರಡು ಪಿಟೀಲು, ಪಿಟೀಲಿಗಿಂತ ದೊಡ್ಡದಾದ ಒಂದು ವಿಯೋಲ, ಅದಕ್ಕಿಂತಲೂ ದೊಡ್ಡದಾದ ಒಂದು ಚೆಲ್ಲೊ. ತೊಂಬತ್ತಕ್ಕೆ ಎಂಬತ್ತಾರು ಕಡಿಮೆ. ಫ್ಲೆಕ್ಸ್‌ನಲ್ಲಿ 'ಬೃಹತ್ ಸಿಂಫನಿ' ಅಂತ ಮೊದಲೇ ಅಚ್ಚಾಗಿತ್ತು, ಬದಲಾಯಿಸಿದರೆ ಸುಮ್ನೆ ಖರ್ಚು.

ಸಿಂಫನಿಗೆ ದುಡ್ಡು ಕೊಡುವುದು ಕನ್ನಡದವರಿಗೆ ಹೊಸದೇನಲ್ಲ. 1950ರಲ್ಲಿ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಇಂಥದೇ ಆರ್ಕೆಸ್ಟ್ರಾ ಜೊತೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಹಾಡಿದಾಗ ಖರ್ಚಿಗೆ ಹೊಣೆ ನಿಂತವರು ನಮ್ಮ ಜಯಚಾಮರಾಜ ಒಡೆಯರು. ಅವರಿಗೆ ಹೋಗಲಿಕ್ಕೂ ಆಗಲಿಲ್ಲ, ಹಾಡು ಮುದ್ರಿಸಿದ ಗಾನತಟ್ಟೆಗಳು ಮೈಸೂರಿಗೆ ಬಂದವು. ಇದನ್ನು ಹೇಳಿದಾಗ ಉಪಾಧ್ಯಕ್ಷರೊಬ್ಬರು ನಂಬಲಿಲ್ಲ. "ದುಡ್ಡು ಕೊಟ್ಟು ಸ್ಟೇಜಿಗೂ ಹೋಗ್ಲಿಲ್ವಾ?"

ಕಾರ್ಯಕ್ರಮದ ದಿನ ವೇದಿಕೆ ತುಂಬ ಹೆಸರಿನ ಚೀಟಿ ಅಂಟಿಸಿದ ನಲವತ್ತು ಕುರ್ಚಿ. ದಾನಿಗಳು ಬಂದು ತಂತಮ್ಮ ಹೆಸರು ಹುಡುಕಿ ಕೂತೇಬಿಟ್ಟರು. ಚೆಲ್ಲೊ ಕುರ್ಚಿಯಲ್ಲಿ ಮಂಡಿ ಸಾಹುಕಾರರು. ಎದೆಯೆತ್ತರದ ವಾದ್ಯ ತಬ್ಬಿಕೊಂಡು ಬಂದ ಹುಡುಗಿ "ಸರ್, ಇದು ನುಡಿಸೋರ ಜಾಗ" ಅಂದಳು. ಅವರು ಸ್ವಲ್ಪ ಮುಂದೆ ಬಾಗಿ, ಬೆನ್ನ ಹಿಂದಿನ ಚೀಟಿ ತೋರಿಸಿದರು. "ಓದಮ್ಮ." ಓದಿದಳು. ಗೌಡರು ಅಡುಗೆ ಕಡೆಯಿಂದ ಒಂದು ಸ್ಟೂಲ್ ಕಳಿಸಿದರು.

ನಲವತ್ತು ಜನಕ್ಕೆ ಸನ್ಮಾನ. ಮೂರು ಗಂಟೆ ಹಿಡಿಯಿತು.

1772ರಲ್ಲಿ ಆಸ್ಟ್ರಿಯಾದ ಸಂಗೀತಗಾರ ಹೇಡನ್ ಒಂದು ಸಿಂಫನಿ, ಅಂದರೆ ಇಡೀ ತಂಡ ನುಡಿಸುವ ಕೃತಿ, ಬರೆದಿದ್ದ. ಅವನ ಧಣಿ ಎಸ್ಟರ್‌ಹಾಜಿ ರಾಜಕುಮಾರ ವಾದಕರನ್ನು ಮನೆಗೆ ಕಳಿಸದೆ ಬೇಸಿಗೆ ಅರಮನೆಯಲ್ಲೇ ಇಟ್ಟುಕೊಂಡಿದ್ದ. ಅದಕ್ಕೆ ಕೊನೆಯಲ್ಲಿ ವಾದಕರು ಒಬ್ಬೊಬ್ಬರಾಗಿ ದೀಪ ಆರಿಸಿ ಎದ್ದು ಹೋಗುತ್ತಾರೆ, ಇಬ್ಬರು ಪಿಟೀಲಿನವರಷ್ಟೇ ಉಳಿಯುತ್ತಾರೆ. ಧಣಿಗೆ ವಿಷಯ ತಿಳಿಯಿತಂತೆ. ನಮ್ಮಲ್ಲಿ ಎದ್ದು ಹೋದವರು ಧಣಿಗಳು. ಶಾಲು ಬಿತ್ತು, ಫೋಟೋ ಆಯಿತು, "ಒಂದು ರಿಸೆಪ್ಷನ್ ಇದೆ" ಅಂತ ಇಳಿದರು. ಒಬ್ಬೊಬ್ಬ ದಾನಿಯ ಜೊತೆ ಸಭೆಯಲ್ಲಿ ಒಂದೊಂದು ಸಾಲು ಎದ್ದಿತು. ನಾಲ್ವರು ನುಡಿಸಿ ಮುಗಿಸುವ ಹೊತ್ತಿಗೆ ಸಭಾಂಗಣದಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ಶಾಮಿಯಾನದವನು.

ನುಡಿಸಿದವರು ಊಟಕ್ಕೆ ಹೋದರು. ಗೌಡರು ತಾವೇ ನಿಂತು ಅಪ್ಪೆಮಿಡಿ ಬಡಿಸುತ್ತಿದ್ದರು. ಶಾಮಿಯಾನದವನು ಕುರ್ಚಿ ಎಣಿಸಿ, ಇನ್ನೊಂದು ಸಲ ಎಣಿಸಿ ನನ್ನ ಹತ್ತಿರ ಬಂದ.

"ಸಾರ್, ನಲವತ್ತು ಕೊಟ್ಟಿದ್ದೆ. ಮೂವತ್ತೊಂದು ಇದಾವೆ. ಹೆಸರು ನಂದೇ ಬರೆದಿದೆಯಲ್ಲ ಅಂತ ಕಾರಿಗೆ ಹಾಕ್ಕೊಂಡು ಹೋದ್ರು. ಬಾಡಿಗೆ ಕುರ್ಚಿ ಅಂತ ನಾನು ಹೆಂಗ್ ಹೇಳ್ಲಿ ಸಾರ್ ಅಷ್ಟು ದೊಡ್ಡೋರಿಗೆ?"