ಮಾರ್ಚ್ ನಕ್ಷತ್ರದ ಕೂರಿಗೆ

ನಮ್ಮ ಚಿತ್ರದುರ್ಗದ ಬಯಲುಸೀಮೆಯಲ್ಲಿ ಕಾಲವನ್ನು ತಿಂಗಳುಗಳಿಂದ ಎಣಿಸುವವರಿಗಿಂತ ಮಳೆ ನಕ್ಷತ್ರಗಳಿಂದ ಎಣಿಸುವವರೇ ಹೆಚ್ಚು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ, ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ, ಬಂದರೆ ಮಘೆ ಇಲ್ಲದಿದ್ದರೆ ಧಗೆ ಎಂದು ಒಂದೊಂದಕ್ಕೂ ಒಂದು ಗಾದೆ ಕಟ್ಟಿಟ್ಟ ಹಿರಿಯರು, ಸೂರ್ಯನು ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ನಕ್ಷತ್ರ ಬದಲಿಸುವುದನ್ನು ಕಂಡುಕೊಂಡಿದ್ದರೂ ಇಪ್ಪತ್ತೆಂಟನೆಯದೊಂದು ಇರುವುದನ್ನು ಗಮನಿಸಲಿಲ್ಲ. ಜೋಯಿಸರು ಕೂಡಲೇ ಅಭಿಜಿತ್ ಎಂದಾರು. ನಾನು ಹೇಳುತ್ತಿರುವುದು ಅದಲ್ಲ, ಮಾರ್ಚ್ ನಕ್ಷತ್ರ. ಉಳಿದವು ಕೈಕೊಟ್ಟರೂ ಇದು ಕೈಕೊಟ್ಟದ್ದಿಲ್ಲ. ಏಪ್ರಿಲ್ 1ರಿಂದ ವರ್ಷವಿಡೀ ಮೋಡ ಕಟ್ಟಿ, ಗುಡುಗಿ, ಕಡೆಗೆ ಮಾರ್ಚ್ 31ರ ಸಂಜೆಯೊಳಗೆ ಖಜಾನೆಯಿಂದ ಧೋ ಎಂದು ಸುರಿಯುವ ಈ ಮಳೆಯಲ್ಲಿ ನೆನೆಯದ ಕಡತವಿಲ್ಲ, ನೆನೆದ ಹೊಲವಿಲ್ಲ.

ನನಗೆ ಬೇಕಾಗಿದ್ದುದು ಒಂದು ಸಣ್ಣ ವಸ್ತು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಒಂಬತ್ತು ಹಲ್ಲಿನ ಕಲ್ಟಿವೇಟರ್ ಮನೆಯಲ್ಲೇ ಇತ್ತು. ಅದರ ಚೌಕಟ್ಟಿನ ಮೇಲೆ ಬೀಜದ ಪೆಟ್ಟಿಗೆಯೊಂದನ್ನು ಕೂರಿಸಿ, ಹಲ್ಲುಗಳ ಬೆನ್ನಿಗೆ ಪೈಪು ಇಳಿಬಿಟ್ಟರೆ ಅದೇ ಕೂರಿಗೆಯಾಗುತ್ತದೆ. ನೆಲದ ಮೇಲೆ ಉರುಳುವ ಗಾಲಿಯೊಂದು ಸರಪಳಿಯ ಮೂಲಕ ಪೆಟ್ಟಿಗೆಯ ತಳದ ಸರಳನ್ನು ತಿರುಗಿಸುತ್ತದೆ, ಸರಳಿಗೆ ಪೋಣಿಸಿದ ಗೀರುಗೀರಿನ ರೋಲರುಗಳು ಬೀಜವನ್ನು ಚಿಟಿಕೆ ಚಿಟಿಕೆಯಾಗಿ ಪೈಪಿಗೆ ತಳ್ಳುತ್ತವೆ, ಹಲ್ಲು ಸೀಳಿದ ಸಾಲಿನಲ್ಲಿ ಬೀಜ ಬೀಳುತ್ತದೆ. ಟ್ರ್ಯಾಕ್ಟರ್ ನಿಂತರೆ ಬೀಜವೂ ನಿಲ್ಲುತ್ತದೆ. ನಮ್ಮ ಕೆಂಪು ನೆಲದಲ್ಲಿ ಬಿತ್ತನೆಗೆ ಬೇಕಾದ ತೇವದ ಹದ ಎರಡು ಮೂರು ದಿನಕ್ಕೆ ಆರಿಹೋಗುತ್ತದೆ. ಆ ಎರಡು ಮೂರು ದಿನ ಇಡೀ ಊರು ಒಟ್ಟಿಗೆ ಎತ್ತು ಹುಡುಕುತ್ತದೆ, ಒಟ್ಟಿಗೆ ಆಳು ಹುಡುಕುತ್ತದೆ, ಎರಡೂ ಸಿಗುವುದಿಲ್ಲ. ಆದ್ದರಿಂದ ಈ ಪೆಟ್ಟಿಗೆಯ ಆಸೆ ಐಷಾರಾಮದ ಆಸೆಯಾಗಿರಲಿಲ್ಲ.

ಇದರಲ್ಲಿ ಹೊಸದೇನೂ ಇಲ್ಲವೆಂಬುದನ್ನೂ ಹೇಳಿಬಿಡಬೇಕು. ಸಾಲು ಹಿಡಿದು ಬೀಜ ಬಿತ್ತುವ ಯಂತ್ರವನ್ನು 1701ರಲ್ಲಿ ಜೆತ್ರೊ ಟಲ್ ಎಂಬ ಇಂಗ್ಲಿಷ್ ಜಮೀನುದಾರ ಕಂಡುಹಿಡಿದನೆಂದು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದೇ ಶತಮಾನದ ಕೊನೆಗೆ ಥಾಮಸ್ ಹಾಲ್ಕಾಟ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ದಕ್ಷಿಣ ಭಾರತದ ಹೊಲವೊಂದರಲ್ಲಿ ಸಾಲು ಬಿತ್ತನೆಯನ್ನು ಕಂಡು ಬೆರಗಾಗಿ, ಇಲ್ಲಿಯ ಸಾಮಾನ್ಯ ರೈತರು ಮರದ ಕೂರಿಗೆಯಿಂದ ಎಂದಿನಿಂದಲೋ ಹೀಗೆಯೇ ಬಿತ್ತುತ್ತಾರೆಂದು ತನ್ನ ದೇಶದ ಕೃಷಿ ಮಂಡಳಿಗೆ ವರದಿ ಕಳುಹಿಸಿದ. ಮರದ ದಿಂಡು, ನೆಲ ಸೀಳುವ ತಾಳು, ಬಿದಿರಿನ ಕೊಳವೆ, ಮೇಲೊಂದು ಮರದ ಬಟ್ಟಲು, ಬಟ್ಟಲಿಗೆ ಬೀಜ ಬಿಡುವ ಹೆಂಗಸಿನ ಬೆರಳು: ಇಷ್ಟೇ ಅದರ ತಂತ್ರಜ್ಞಾನ. ಹಿಂದೆ ಸಡ್ಡೆಯೆಂಬ ಒಂಟಿ ಬಿತ್ತನೆ ಕೊಳವೆ ಕಟ್ಟಿಕೊಂಡರೆ ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲೂ, ಅಂದರೆ ಮಿಶ್ರಬೆಳೆಯ ಸಾಲೂ, ಅದೇ ನಡಿಗೆಯಲ್ಲಿ ಮುಗಿಯುತ್ತಿತ್ತು. ಆ ಕೂರಿಗೆಗೆ ಕುಂಕುಮ ಹಚ್ಚಿ ಪೂಜೆ ಮಾಡಿದರೆ ಸಾಕಾಗಿತ್ತು, ಅರ್ಜಿ ಹಾಕಬೇಕಾಗಿರಲಿಲ್ಲ.

ಈಗಿನ ಕೂರಿಗೆಗೆ ಅರ್ಜಿ ಹಾಕಬೇಕು. 2014-15ರಿಂದ ದೇಶದಲ್ಲಿ ಕೃಷಿ ಯಾಂತ್ರೀಕರಣದ ಉಪ ಅಭಿಯಾನವೆಂಬುದೊಂದು ನಡೆದಿದೆ. ಅದರ ಖರ್ಚನ್ನು ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ಶೇಕಡ 60, ರಾಜ್ಯ ಶೇಕಡ 40ರಂತೆ ಹಂಚಿಕೊಳ್ಳುತ್ತವೆ. ನನ್ನಂಥ ಸಾಮಾನ್ಯ ವರ್ಗದ ರೈತನಿಗೆ ಯಂತ್ರದ ಬೆಲೆಯಲ್ಲಿ ಅರ್ಧ ಸಹಾಯಧನ, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇಕಡ 90. ಯೋಜನೆ ಒಳ್ಳೆಯದು, ಇದರಲ್ಲಿ ವ್ಯಂಗ್ಯವಿಲ್ಲ. ವ್ಯಂಗ್ಯವೇನಿದ್ದರೂ ಅನಂತರದ್ದು.

ರೋಹಿಣಿ ಮಳೆ ಕೂಡಿದ ದಿನ ನಾನು ಕೃಷಿ ಇಲಾಖೆಯ ಕಚೇರಿಯ ಮೆಟ್ಟಿಲು ಹತ್ತಿದೆ. ಪಹಣಿ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ರೈತನೆಂದು ಗುರುತಿಸುವ ಎಫ್‌ಐಡಿ ಸಂಖ್ಯೆ, ಎರಡು ಭಾವಚಿತ್ರ, ಈ ಯಂತ್ರವನ್ನು ಮಾರುವುದಿಲ್ಲವೆಂಬ ಛಾಪಾ ಕಾಗದದ ಮುಚ್ಚಳಿಕೆ. ಇನ್ನೂ ಕೊಡದ ಯಂತ್ರವನ್ನು ಮಾರಲಾರೆನೆಂದು ಪ್ರಮಾಣ ಮಾಡುವಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು, ಏಕೆಂದರೆ ಬದುಕಿನಲ್ಲಿ ಅಷ್ಟು ಸುಲಭವಾಗಿ ಪಾಲಿಸಬಹುದಾದ ವಚನವನ್ನು ನಾನು ಹಿಂದೆಂದೂ ಕೊಟ್ಟಿರಲಿಲ್ಲ. ಮೃಗಶಿರೆಯಲ್ಲಿ ಜ್ಯೇಷ್ಠತಾ ಪಟ್ಟಿ ಹೊರಬಿತ್ತು. ಆರಿದ್ರೆ ಮಳೆ ಗಾದೆಯನ್ನು ಮರೆತು ಆರಿಯೇ ಕುಳಿತಿತ್ತು, ಆದರೆ ಕಚೇರಿಯಲ್ಲಿ ಸರ್ವರ್ ಕೂಡ ಹಾಗೆಯೇ ಕುಳಿತಿದ್ದುದರಿಂದ ಪ್ರಕೃತಿಗೂ ಆಡಳಿತಕ್ಕೂ ಒಂದು ಸಮನ್ವಯ ಏರ್ಪಟ್ಟಂತಾಯಿತು. ಪುನರ್ವಸು ಹುಯ್ದು ಹದವಾದ ದಿನ ನಾನು ಫೋನು ಮಾಡಿ, ಸ್ವಾಮಿ ಬಿತ್ತನೆ ಶುರುವಾಗಿದೆ ಎಂದೆ. ಆ ಕಡೆಯವರು ಬಹಳ ಸಂತೋಷದಿಂದ, ಹೌದು, ನಮ್ಮಲ್ಲೂ ಅಂಕಿಅಂಶ ಬಂದಿದೆ ಎಂದರು.

ಆ ವರ್ಷದ ಶೇಂಗಾವನ್ನು ಪಕ್ಕದ ಹೊಲದವರ ಎತ್ತು ಬೇಡಿ, ಅಟ್ಟದ ಮೇಲಿದ್ದ ಮರದ ಕೂರಿಗೆ ಇಳಿಸಿ ಬಿತ್ತಿದೆವು. ಪುಷ್ಯ, ಆಶ್ಲೇಷ, ಮಘೆ ಒಂದರ ಹಿಂದೊಂದು ಹೋದವು. ಹುಬ್ಬೆಯಲ್ಲಿ ಕಂಪನಿಗಳ ಆಯ್ಕೆ, ಉತ್ತರೆಯಲ್ಲಿ ದರಪಟ್ಟಿಯ ಪರಿಷ್ಕರಣೆ, ಹಸ್ತದಲ್ಲಿ ಪರಿಷ್ಕರಣೆಗೆ ತಡೆ. ಬಳ್ಳಿ ಕಿತ್ತು, ಕಾಯಿ ಬಿಡಿಸಿ, ಚಳ್ಳಕೆರೆಯ ಮಂಡಿಗೆ ಚೀಲ ಹೊತ್ತು, ದುಡ್ಡು ಎಣಿಸಿ, ಸಾಲ ತೀರಿಸಿ ಕೈ ತೊಳೆದುಕೊಂಡ ಮೇಲೆ, ಬಿತ್ತನೆಯ ಯಂತ್ರಕ್ಕೆ ತಾತ್ವಿಕ ಅನುಮೋದನೆ ಸಿಕ್ಕಿತು.

ಬೆಲೆಯ ಕಥೆ ಬೇರೆ. ರೈತನ ವಂತಿಕೆಯೆಂದು ಅರ್ಧ ಹಣ ಕಟ್ಟಿದ ಚೀಟಿ ಹಿಡಿದು ಮರಳುವಾಗ ದಾರಿಯಲ್ಲಿ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತೆ. ಆತ ನನ್ನ ಚೀಟಿಯನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿ, ಇದೇ ದುಡ್ಡಿಗೆ ತಾನು ಪೆಟ್ಟಿಗೆ, ಪೈಪು, ಗಾಲಿ, ಸರಪಳಿ ಎಲ್ಲ ಕೂಡಿಸಿ, ಎರಡು ಕೋಟು ಬಣ್ಣ ಬಳಿದು, ನಾಲ್ಕು ದಿನದಲ್ಲಿ ಕೊಡುತ್ತಿದ್ದೆನೆಂದ. ಅಂದರೆ ಯಂತ್ರದ ಪೂರ್ತಿ ಬೆಲೆಯನ್ನು ನಾನೇ ಕೊಟ್ಟಿದ್ದೆ; ಸರ್ಕಾರ ಕೊಟ್ಟ ಉಳಿದರ್ಧ ಯಾವುದರ ಬೆಲೆಯೆಂಬುದು ಶುದ್ಧ ವೇದಾಂತದ ಪ್ರಶ್ನೆ. ವೆಲ್ಡಿಂಗಿನವನ ಕೆಲಸಕ್ಕೆ ಒಂದೇ ಕೊರತೆಯಿತ್ತು: ಅದಕ್ಕೆ ಜ್ಯೇಷ್ಠತಾ ಪಟ್ಟಿ ಇರಲಿಲ್ಲ.

ವಿತರಣಾ ಸಮಾರಂಭ ಮಾರ್ಚ್ 31ರಂದು, ಅಂದರೆ ಉತ್ತರಾಭಾದ್ರೆ ಮುಗಿದು ರೇವತಿ ಕಾಲಿಡುವ ಹೊತ್ತಿಗೆ ನಡೆಯಿತು. ಡಾಂಬರು ಹಾಕಿದ ಅಂಗಳದಲ್ಲಿ ಶಾಮಿಯಾನ. ಮೇಟಿ ವಿದ್ಯೆಯ ಹಿರಿಮೆಯನ್ನು ಸಾರುವ ಬ್ಯಾನರು. ಹನ್ನೆರಡು ಕೂರಿಗೆಗಳು ಚೆಂಡುಹೂವಿನ ಮಾಲೆ ಧರಿಸಿ ಮದುವೆಗೆ ನಿಂತ ಸಾಮೂಹಿಕ ವಧುಗಳಂತೆ ಸಾಲಾಗಿದ್ದವು. ಬೀಜದ ಪೈಪುಗಳ ಬಾಯಿಗೆ ಕೆಂಪು ರಿಬ್ಬನ್ ಕಟ್ಟಿದ್ದರಿಂದ ಒಂದು ಕಾಳೂ ಹೊರಬರುವ ಭಯವಿರಲಿಲ್ಲ. ಹತ್ತು ಗಂಟೆಗೆ ಬರಬೇಕಾಗಿದ್ದ ಗಣ್ಯರು ಒಂದೂವರೆಗೆ ಬಂದು, ತಾವೂ ರೈತನ ಮಗನೆಂದು ತಿಳಿಸಿದರು. ನಲವತ್ತೆರಡು ಡಿಗ್ರಿ ಅನ್ನಿಸುವ ಬಿಸಿಲಲ್ಲಿ ಕುಳಿತಿದ್ದ ನಾವೂ ರೈತರ ಮಕ್ಕಳೇ ಆಗಿದ್ದುದರಿಂದ ಚಪ್ಪಾಳೆ ತಟ್ಟಿದೆವು.

ಅನಂತರ ಬಿತ್ತನೆಗೆ ಚಾಲನೆ. ಈ ಯಂತ್ರದ ಪೆಟ್ಟಿಗೆಯಲ್ಲಿ ಎರಡು ಖಾನೆಗಳಿರುತ್ತವೆ, ಒಂದು ಗೊಬ್ಬರಕ್ಕೆ, ಒಂದು ಬೀಜಕ್ಕೆ. ಬೆಳ್ಳಿಯ ಬಟ್ಟಲಿನಲ್ಲಿದ್ದ ಕಾಳನ್ನು ಗಣ್ಯರು ಬಹಳ ಭಕ್ತಿಯಿಂದ ಗೊಬ್ಬರದ ಖಾನೆಗೆ ಸುರಿದರು. ಪಕ್ಕದಲ್ಲಿದ್ದ ಅಧಿಕಾರಿಗಳಿಗೆ ಅದು ತಿಳಿಯಿತು, ತಿಳಿದದ್ದು ಅವರ ಮುಖದಲ್ಲೂ ಕಂಡಿತು, ಆದರೆ ಸೇವಾ ಜ್ಯೇಷ್ಠತೆಯಲ್ಲಿ ಎಲ್ಲರಿಗಿಂತ ಮುಂದಿದ್ದವರು ಮೊದಲು ಚಪ್ಪಾಳೆ ತಟ್ಟಿದ್ದರಿಂದ ಉಳಿದವರು ಆ ಖಾನೆಯೇ ಬೀಜದ ಖಾನೆಯೆಂದು ಒಪ್ಪಿಕೊಂಡರು. ಆಮೇಲೆ ಯಾರೋ ಹೈಡ್ರಾಲಿಕ್ ಹಿಡಿಕೆಯನ್ನು ಕೆಳಗೆ ಒತ್ತಿದರು. ಒಂಬತ್ತು ಹಲ್ಲುಗಳೂ ಒಟ್ಟಿಗೆ ಡಾಂಬರಿನ ಮೇಲೆ ಕಿರ್ರೆಂದು ಕುಳಿತವು. ನಿಂತ ಟ್ರ್ಯಾಕ್ಟರಿನಲ್ಲಿ ಕೂರಿಗೆ ಇಳಿಸಬಾರದು, ಪೈಪಿನ ಬಾಯಿಗೆ ಮಣ್ಣು ಮೆತ್ತಿಕೊಂಡು ಬೀಜ ಕಟ್ಟಿಕೊಳ್ಳುತ್ತದೆ ಎಂಬುದು ಈ ಯಂತ್ರದ ಮೊದಲ ಪಾಠ. ಡಾಂಬರಿನಲ್ಲಿ ಮೆತ್ತುವಷ್ಟು ಮಣ್ಣು ಇರಲಿಲ್ಲವಾಗಿ ಆ ಅಪಾಯ ತಪ್ಪಿತೆಂದು ಸಮಾರಂಭದ ಸ್ಥಳ ಆರಿಸಿದವರ ದೂರದೃಷ್ಟಿಯನ್ನು ಮೆಚ್ಚಬೇಕು. ಅಂಗಳದಲ್ಲಿ ಒಂಬತ್ತು ಗೀರುಗಳು ಈಗಲೂ ಇವೆ. ಒಂದಕ್ಕೊಂದು ಒಂಬತ್ತು ಇಂಚು ಅಂತರ, ಕರಾರುವಾಕ್ಕು.

ಮನೆಗೆ ತಂದ ಮೇಲೆ ಪೆಟ್ಟಿಗೆಯ ತಳವನ್ನು ಬಗ್ಗಿ ನೋಡಿದೆ. ರೋಲರಿನ ಗೀರುಗಳು ಗೋಧಿಗೆ, ಜೋಳಕ್ಕೆ ತಕ್ಕಷ್ಟು ಸಣ್ಣವು. ಒಂದು ಹಿಡಿ ಶೇಂಗಾ ಬೀಜ ಹಾಕಿ, ಗಾಲಿಯನ್ನು ಎತ್ತಿ ಹಿಡಿದು ಕೈಯಿಂದ ತಿರುಗಿಸಿದೆ. ಕಟಕಟನೆ ಸದ್ದಾಯಿತು. ಪೈಪಿನ ಕೆಳಗೆ ಹಾಸಿದ್ದ ಗೋಣಿತಾಟಿನ ಮೇಲೆ ಬೇಳೆ ಬಿತ್ತು. ಬೀಜವಲ್ಲ, ಬೇಳೆ: ನಡುವೆ ಸೀಳಿ, ಕೆಂಪು ಸಿಪ್ಪೆ ಬಿಟ್ಟು, ಮೊಳಕೆಯ ಮೂತಿ ಮುರಿದು, ಚಟ್ನಿಗೆ ಹೇಳಿ ಮಾಡಿಸಿದಂತಿತ್ತು. ಎಕರೆಗೆ ನಲವತ್ತು ಐವತ್ತು ಕಿಲೋ ಬೀಜ ಹಿಡಿಯುವ ಬೆಳೆಯಿದು. ಶೇಂಗಾಕ್ಕೆ ಬಟ್ಟಲಿನಂತೆ ಒಂದೊಂದೇ ಕಾಳೆತ್ತುವ ಬೇರೆ ಬಗೆಯ ತಟ್ಟೆಗಳಿರುತ್ತವೆ, ಅವನ್ನು ಕೊಡಿರೆಂದು ಕೇಳಿದೆ. ದರಪಟ್ಟಿಯಲ್ಲಿ ಬೀಜ ಬಿತ್ತುವ ಯಂತ್ರವೆಂದಿದೆಯೇ ಹೊರತು ಯಾವ ಬೀಜವೆಂದು ಇಲ್ಲ, ಆದ್ದರಿಂದ ಬೆಳೆಯನ್ನೇ ಬದಲಿಸಿ ನೋಡಬಹುದಲ್ಲ ಎಂಬ ಸಲಹೆ ಬಂತು. ಒಂಬತ್ತು ಇಂಚಿನ ಹಲ್ಲನ್ನು ಶೇಂಗಾಕ್ಕೆ ಬೇಕಾದ ಒಂದಡಿ ಸಾಲಿಗೆ ಸರಿಸಬೇಕೆಂದರೆ ಕ್ಲ್ಯಾಂಪಿನ ಬೋಲ್ಟು ಬಿಚ್ಚಬೇಕು, ಬೋಲ್ಟಿನ ಮೇಲೆ ಸಹಾಯಧನದ ಮುದ್ರೆಯ ಬಣ್ಣ ಗಟ್ಟಿಯಾಗಿ ಕೂತಿದೆ, ಬಣ್ಣ ಕಿತ್ತರೆ ತಪಾಸಣೆಯಲ್ಲಿ ತೊಂದರೆ. ತೊಗರಿಯ ಅಕ್ಕಡಿ ಸಾಲಿನ ಮಾತನ್ನು ನಾನೇ ನುಂಗಿಕೊಂಡೆ.

ಏಪ್ರಿಲ್ ನಡುವಿನಲ್ಲಿ ತಪಾಸಣೆಯಾಯಿತು. ಯಂತ್ರ ಫಲಾನುಭವಿಯ ಹೊಲದಲ್ಲೇ ಇದೆಯೆಂದೂ ಬಳಕೆಯಲ್ಲಿದೆಯೆಂದೂ ತೋರಿಸುವ, ಅಕ್ಷಾಂಶ ರೇಖಾಂಶ ಮುದ್ರಿಸಿದ ಚಿತ್ರ ಬೇಕು. ಚಿತ್ರ ತೆಗೆಯಲು ಬಂದ ಹುಡುಗ ಒಳ್ಳೆಯವನು, ಅವನ ಮೇಲೆ ನನಗೆ ದೂರಿಲ್ಲ. ಆ ದಿನ ಅವನಿಗೆ ಇನ್ನೂ ಹನ್ನೊಂದು ಹೊಲ ಬಾಕಿಯಿತ್ತು. ಹೊಲವೋ ಬೂದಿಯಂತೆ ಹಾರುತ್ತಿತ್ತು. ಬಿತ್ತುವ ಕಾಲವಲ್ಲವಲ್ಲ ಎಂದೆ. ಖಾಲಿ ಪೆಟ್ಟಿಗೆಯ ಚಿತ್ರವನ್ನು ಮೊಬೈಲು ಒಪ್ಪಿದರೂ ಮೇಲಿನವರು ಒಪ್ಪುವುದಿಲ್ಲವೆಂದ. ಬೀಜ ಹಾಳುಮಾಡಲು ಮನಸ್ಸು ಬಾರದೆ, ಹಳ್ಳದ ಬದಿಯಿಂದ ಎರಡು ಬಾಂಡಲಿ ಮರಳು ತಂದು ಪೆಟ್ಟಿಗೆ ತುಂಬಿದೆವು. ಟ್ರ್ಯಾಕ್ಟರ್ ಹೊರಟಿತು. ನಿಜ ಹೇಳಬೇಕೆಂದರೆ, ಆ ಯಂತ್ರ ಅಂಥ ಚಂದದ ಕೆಲಸ ಮಾಡಿದ್ದನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಂಡಿಲ್ಲ. ಒಂದು ಪೈಪೂ ಕಟ್ಟಲಿಲ್ಲ, ಒಂದು ಕಾಳೂ ಒಡೆಯಲಿಲ್ಲ, ಅರ್ಧ ಎಕರೆಗೆ ಸಮಸಮನಾಗಿ ಎರಡು ಅಂಗುಲ ಆಳದಲ್ಲಿ ಮರಳು ಬಿತ್ತನೆಯಾಯಿತು. ಹುಡುಗ ಚಿತ್ರ ತೆಗೆದ. ಅಕ್ಷಾಂಶವೂ ಸರಿ, ರೇಖಾಂಶವೂ ಸರಿ, ರೈತನೂ ಸರಿ.

ಮತ್ತೆ ರೋಹಿಣಿ ಬರುವ ಹೊತ್ತಿಗೆ ನಾನು ವೆಲ್ಡಿಂಗ್ ಅಂಗಡಿಯವನಿಂದ ಶೇಂಗಾದ ತಟ್ಟೆಗಳಿರುವ ಇನ್ನೊಂದು ಪೆಟ್ಟಿಗೆ ಮಾಡಿಸಿಕೊಂಡೆ. ಅದಕ್ಕೆ ಮುದ್ರೆಯಿಲ್ಲ, ಆದ್ದರಿಂದ ಬೇಕೆಂದಾಗ ಬೋಲ್ಟು ಬಿಚ್ಚಬಹುದು. ಸರ್ಕಾರಿ ಪೆಟ್ಟಿಗೆಯನ್ನು ಕೊಟ್ಟಿಗೆಯಲ್ಲಿ ಭದ್ರವಾಗಿ ಇಟ್ಟಿದ್ದೇನೆ, ಮಾರುವುದಿಲ್ಲವೆಂದು ಬರೆದುಕೊಟ್ಟಿದ್ದೇನಲ್ಲ. ಮೊದಲ ಹನಿ ಬಿದ್ದ ಸಂಜೆ ಮೊಬೈಲಿಗೊಂದು ಸಂದೇಶ ಬಂತು. ನಿಮಗೆ ಬಿತ್ತನೆ ಯಂತ್ರವನ್ನು ಯಶಸ್ವಿಯಾಗಿ ತಲುಪಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಅದರಲ್ಲಿತ್ತು. ಜಗಲಿಯ ಮೇಲೆ ಕುಳಿತು ಬೆರಳು ಮಡಿಸುತ್ತ ಪ್ರಾಮಾಣಿಕವಾಗಿ ಎಣಿಸಿದೆ: ರೋಹಿಣಿಯಿಂದ ಉತ್ತರಾಭಾದ್ರೆಯವರೆಗೆ ಒಟ್ಟು 23. ಆದರೆ ಐದಕ್ಕಿಂತ ಹೆಚ್ಚು ಒತ್ತಲು ಅಲ್ಲಿ ಅವಕಾಶವಿರಲಿಲ್ಲ.