ಅರ್ಥವಾಯಿತೆಂದು ಇಲ್ಲೊಂದು ಸಹಿ ಮಾಡಿ

ಗೃಹಸಾಲದವರನ್ನು ಕಾಪಾಡಲು ರಿಸರ್ವ್ ಬ್ಯಾಂಕು ಎಷ್ಟೆಲ್ಲ ನಿಯಮ ಮಾಡಿದೆ ಎಂಬುದು ಶಿರಸಿ, ಕಾರವಾರದ ಸಾಲಗಾರರಿಗೆ ತಿಳಿಯುವುದು ಸಹಿ ಹಾಕಿ ಹಾಕಿ ಬೆರಳು ನೋಯತೊಡಗಿದಾಗ. ಒಂದೊಂದು ರಕ್ಷಣೆಗೂ ಒಂದೊಂದು ಹಾಳೆ, ಹಾಳೆಯ ಬುಡದಲ್ಲಿ ಪೆನ್ಸಿಲ್ಲಿನ ಇಂಟು ಗುರುತು. "ಹೆಗಡೇರೆ, ಇಲ್ಲೊಂದು, ಇಲ್ಲೊಂದು, ತಿರುಗಿಸಿ ಹಿಂದೊಂದು." ಏನಿದು ಎಂದು ಕೇಳಿದರೆ, "ನಿಮ್ಮ ಒಳ್ಳೇದಕ್ಕೇ, ಮಾಡಿ."

ಈ ಕಟ್ಟಿನ ಯಜಮಾನ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್', ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ. 2024ರ ಅಕ್ಟೋಬರ್ 1ರಿಂದ ಹೊಸ ಗೃಹಸಾಲಕ್ಕೆಲ್ಲ ಕಡ್ಡಾಯ. ಬಡ್ಡಿ, ಪ್ರೊಸೆಸಿಂಗ್ ಫೀ, ವಕೀಲರ ಫೀ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆ ಎಂಬ ಎಪಿಆರ್ ಲೆಕ್ಕ ಅದರಲ್ಲಿರಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಬ್ಯಾಂಕು ಆ ಷರತ್ತಿಗೆ ಬದ್ಧ. ಮನೆಗೊಯ್ದು ಓದಿ, ಇನ್ನೊಂದು ಬ್ಯಾಂಕಿನದರ ಪಕ್ಕ ಇಟ್ಟು ನೋಡಲು ಅಷ್ಟು ಸಮಯ. ಅದರಲ್ಲಿ ಕಾಣಿಸದ ಶುಲ್ಕವನ್ನು ಆಮೇಲೆ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ.

ಪಾಲನೆಯ ಸೊಗಸು ನೋಡಿ. ಆ ಹಾಳೆ ಪ್ರತ್ಯಕ್ಷವಾಗುವುದು ಸಹಿಯ ದಿನವೇ, ಒಪ್ಪಂದದ ಕಟ್ಟಿನ ನಡುವೆಲ್ಲೋ. ಮೂರು ದಿನದ ಓದು ಮೂರು ನಿಮಿಷಕ್ಕೆ ಮುಗಿಯಿತು. "ಮೇಲಿನದೆಲ್ಲವನ್ನೂ ನನಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ಪೂರ್ತಿ ಅರ್ಥವಾಗಿದೆ" ಎಂಬ ಹೇಳಿಕೆ ಅಚ್ಚಾಗಿರುವುದು ಇಂಗ್ಲಿಷಿನಲ್ಲಿ. ಕೆಳಗೆ ಬೀಳುವುದು ಕನ್ನಡದ ಸಹಿ. ಓದಿ ಹೇಳಬೇಕಾದ ಅಧಿಕಾರಿ ದೂರದ ರಾಜ್ಯದಿಂದ ವರ್ಗವಾಗಿ ಬಂದವರು. ಅವರಿಗೆ ಬರುವ ಕನ್ನಡವೆಂದರೆ "ಸಹಿ ಮಾಡಿ".

ಬ್ಯಾಂಕು ಮಾತ್ರ ಏನನ್ನೂ ಓದದೆ ಒಪ್ಪುವುದಿಲ್ಲ. ಬಿನ್‌ಶೇತ್ಕಿ (ಜಮೀನು ಕೃಷಿಯೇತರವಾದ) ಆದೇಶ ಬೇಕು, ಪಂಚಾಯ್ತಿ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು, ಗೇಣಿಯಿಂದ ಬಂದದ್ದಾದರೆ ಭೂನ್ಯಾಯ ಮಂಡಳಿಯ ಆದೇಶದ ಮೇಲೆ ಸಿಕ್ಕ ಹಕ್ಕಿನ ಪತ್ರ, ಫಾರಂ 10 ಬೇಕು, ಜೊತೆಗೆ ಹತ್ತಾರು ವರ್ಷದ ಇ.ಸಿ. (ಋಣಭಾರ ಪತ್ರ). ಅಜ್ಜನ ಹೆಸರು ಒಂದು ಕಡೆ 'ಸುಬ್ರಾಯ', ಇನ್ನೊಂದು ಕಡೆ 'ಸುಬ್ಬ' ಎಂದಿದ್ದರೆ ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಬೇಕು. ಪ್ಯಾನೆಲ್ ವಕೀಲರು ಇದನ್ನೆಲ್ಲ ವಾರಗಟ್ಟಲೆ ಓದುತ್ತಾರೆ. ಅವರ ಫೀ ನಮ್ಮದು.

ಇನ್ನು ವಿಮೆ. ಸಾಲಗಾರನ ಜೀವವಿಮೆ ಮಾಡಿಸಿದರೇ ಸಾಲ ಎಂದು ರಿಸರ್ವ್ ಬ್ಯಾಂಕು ಎಲ್ಲೂ ಹೇಳಿಲ್ಲ. ಹಾಗಾಗಿ "ಸ್ವಇಚ್ಛೆಯಿಂದ ಕೇಳಿಕೊಂಡಿದ್ದೇನೆ" ಎಂಬಲ್ಲೂ ಒಂದು ಸಹಿ. ಒಂಟಿ ಕಂತಿನ ಪ್ರೀಮಿಯಂ ₹75,000 ಎಂದಿಟ್ಟುಕೊಳ್ಳಿ. ಅದನ್ನೂ ಸಾಲಕ್ಕೇ ಸೇರಿಸಿದರೆ ಶೇ. 8.5ರಂತೆ 20 ವರ್ಷ ತಿಂಗಳಿಗೆ ₹651, ಒಟ್ಟು ₹1.56 ಲಕ್ಷ. ಬೇಡವಾದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸು ಮಾಡಬಹುದು. ಆದ್ದರಿಂದಲೇ ಪಾಲಿಸಿ ಎಲ್ಲಿದೆ ಎಂದು ಕೇಳಿದವರಿಗೆ "ಮೇಲ್ ಬಂದಿರಬೇಕು ನೋಡಿ" ಎಂಬ ಉತ್ತರ.

ಸಹಿಯಿಲ್ಲದೆ ಆಗುವ ಕೆಲಸ ಒಂದೇ, ಅವಧಿ ಉದ್ದವಾಗುವುದು. 2022ರ ಆರಂಭದಲ್ಲಿ ಶೇ. 7ಕ್ಕೆ 20 ವರ್ಷದ ಅವಧಿಗೆ 25 ಲಕ್ಷ ಪಡೆದವರ ಕಂತು ₹19,382. ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2023ರ ಫೆಬ್ರವರಿಯೊಳಗೆ ಶೇ. 4ರಿಂದ 6.5ಕ್ಕೇರಿತು. ಗೃಹಸಾಲದ ಬಡ್ಡಿಯೂ ಅಷ್ಟೇ ಏರಿದರೆ ಶೇ. 9.5ರಲ್ಲಿ ತಿಂಗಳ ಬಡ್ಡಿಯೇ ಆ ಕಂತನ್ನು ಮೀರುತ್ತದೆ. ಕಂತು ಮುಟ್ಟದೆ ಅವಧಿ ಮಾತ್ರ ಎಳೆದರೆ ಸಾಲ ತೀರುವುದು ಯಾವ ಜನ್ಮದಲ್ಲೂ ಇಲ್ಲ. ಕೊನೆಗೆ 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಹೇಳಬೇಕಾಯಿತು: ಕಂತು ಏರಿಸುವುದೋ, ಅವಧಿ ಏರಿಸುವುದೋ, ಎರಡೂ ಸ್ವಲ್ಪ ಸ್ವಲ್ಪವೋ, ಸಾಲಗಾರನನ್ನೇ ಕೇಳಿ, ಕಂತು ಬಡ್ಡಿಗಾದರೂ ಸಾಲುವಂತಿರಲಿ. ಅಡಿಕೆ ಮಾರಿದ ದುಡ್ಡಿನಲ್ಲಿ ಅಸಲಿಗೆ ಒಂದಿಷ್ಟು ತುಂಬುವವರು ಇದನ್ನು ಗಮನಿಸಬೇಕು: ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡವಿಲ್ಲ. ತುಂಬುವಾಗಲೇ ಕಂತು ಇಳಿಸಬೇಕೋ ಅವಧಿಯೋ ಎಂದು ಬರೆದುಕೊಡಿ.

ಅಂತೂ ಸಾಲ ತೀರಿತು. 30 ದಿನದೊಳಗೆ ಅಸಲು ಕಾಗದ ಕೊಡಬೇಕು, ನೋಂದಾಯಿಸಿದ ಋಣ ತೆಗೆಸಬೇಕು. ಬ್ಯಾಂಕಿನ ಕಾರಣಕ್ಕೆ ತಡವಾದರೆ ದಿನಕ್ಕೆ ₹5,000 ಪರಿಹಾರ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. "ಕಾಗದ ಹುಬ್ಬಳ್ಳಿಯಲ್ಲಿದೆ, ಘಾಟಿಯಲ್ಲಿ ಗುಡ್ಡ ಕುಸಿದಿದೆ" ಎಂದು ಶಾಖೆ ಹೇಳುತ್ತದೆ. ಕಾಗದವನ್ನು ಅಲ್ಲಿಗೆ ಒಯ್ದವರು ಯಾರು ಎಂದು ಯಾರೂ ಕೇಳುವುದಿಲ್ಲ. ಲಿಖಿತ ದೂರು ಕೊಟ್ಟು 30 ದಿನ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಹೋಗಬಹುದು, ವಿವರ ಕೇಳಲು ಫೋನ್ 14448.

40ನೇ ದಿನ ಕಾಗದ ಬಂತು ಎನ್ನಿ. ಹತ್ತು ದಿನಕ್ಕೆ ₹50,000 ಆಯಿತು. ಪಡೆದುಕೊಂಡದ್ದಕ್ಕೆ ಒಂದು ರಸೀದಿ, ಅದರಲ್ಲಿ ಅಚ್ಚಾದ ಸಾಲು "ಸಕಾಲದಲ್ಲಿ ತಲುಪಿದೆ, ಯಾವ ತಕರಾರೂ ಇಲ್ಲ." ಅದನ್ನು ಹೊಡೆದುಹಾಕಿ, ಪಕ್ಕದ ಖಾಲಿ ಜಾಗದಲ್ಲಿ ತಾರೀಖು ಬರೆಯಲು ಹೊರಟರೆ ಮ್ಯಾನೇಜರು ಮೊದಲ ಬಾರಿಗೆ ಕುರ್ಚಿಯಿಂದ ಏಳುತ್ತಾರೆ: "ಸಹಿ ಸಾಕು, ತಾರೀಖು ನಾವು ಹಾಕಿಕೊಳ್ತೇವೆ."