ಮೂರು ವಾರ, ಬರೀ ಮಾರ್ವಾ

ಮೂರು ವಾರದಿಂದ ನಮ್ಮ ಮನೆಯಲ್ಲಿ ಸಂಜೆಯಾದರೆ ಒಂದೇ ರಾಗ. ಮಾರ್ವಾ. ಬೇಕಂತಲೇ ಶುರು ಮಾಡಿದ್ದಲ್ಲ. ಒಂದು ದಿನ ಆಫೀಸಿನಿಂದ ಬರುವಾಗ ಮೆಟ್ರೋದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದುಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನ್ ಅವರ ಮಾರ್ವಾ ಹಾಕಿದೆ. ಮೂರು ಸ್ಟೇಷನ್ ದಾಟಿದರೂ ಏನೂ ಹಿಡಿಸಲಿಲ್ಲ. ಮುಂದಿನ ನಿಲ್ದಾಣದ ಹೆಸರು ಹೇಳುವ ದನಿಯೇ ಜೋರಾಗಿ ಕೇಳುತ್ತಿತ್ತು. ಮನೆಗೆ ಬಂದು, ಕಾಫಿ ಕುಡಿದು, ಲೈಟ್ ಹಾಕದೆ ಸುಮ್ನೆ ಕೂತು ಮತ್ತೆ ಹಾಕಿದೆ. ಅವತ್ತಿನಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ಗೊತ್ತಿರುವವರಿಗೆ ಗೊತ್ತೇ ಇದೆ, ಎಚ್‌ಎಂವಿ ಕಂಪನಿಯ ಆ ಎಲ್‌ಪಿ ರೆಕಾರ್ಡಿನಲ್ಲಿ ಒಂದು ಕಡೆ ಮಾರ್ವಾ, ಇನ್ನೊಂದು ಕಡೆ ದರ್ಬಾರಿ ರಾಗ. ಮಾರ್ವಾಕ್ಕೆ ಹದಿನಾಲ್ಕು ಮಾತ್ರೆಯ, ಅಂದರೆ ಹದಿನಾಲ್ಕು ಎಣಿಕೆಯ, ಝೂಮ್ರಾ ತಾಳ. ತಬಲಾ ಎಷ್ಟು ನಿಧಾನ ಅಂದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಲೆ ಮೇಲಿನ ಹಾಲು ನೋಡಿ ಬರಬಹುದು.

ಮೊದಲ ವಾರವೇ ಅಡುಗೆಮನೆಯಿಂದ ಆಕ್ಷೇಪಣೆ ಬಂತು. ನನ್ನ ಹೆಂಡತಿ ಮೈಸೂರಿನವಳು, ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವಳು. ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ರೀ, ಇದು ಹಂಸಾನಂದಿ ಅಲ್ವಾ?"

ಅಲ್ಲ ಎಂದೆ. ಆದರೆ ಯಾಕೆ ಅಲ್ಲ ಎಂದು ಹೇಳುವುದರಲ್ಲಿ ಬೆವರು ಬಂತು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಸ್ವರ ಎಲ್ಲ ಅವೇ. ರಿಷಭ (ರಿ) ಕೋಮಲ, ಅಂದರೆ ಅರ್ಧ ಮೆಟ್ಟಿಲು ಕೆಳಗೆ; ಮಧ್ಯಮ (ಮ) ತೀವ್ರ, ಅಂದರೆ ಅರ್ಧ ಮೆಟ್ಟಿಲು ಮೇಲೆ; ಪಂಚಮ (ಪ) ಇಲ್ಲವೇ ಇಲ್ಲ. ಕರ್ನಾಟಕ ಸಂಗೀತದ ಹಂಸಾನಂದಿ ರಾಗಕ್ಕೂ ಅದೇ ಆರು, ಹಿಂದುಸ್ತಾನಿಯ ಪೂರಿಯಾ ರಾಗಕ್ಕೂ ಅದೇ ಆರು, ಸೋಹನಿಗೂ ಅದೇ. ಒಂದೇ ಮನೆ, ಅದೇ ಆರು ಜನ, ಆದರೆ ಯಜಮಾನಿಕೆ ಬೇರೆ ಬೇರೆ. ಪೂರಿಯಾದಲ್ಲಿ ಗಾಂಧಾರ (ಗ) ನಿಷಾದಗಳದ್ದೇ (ನಿ) ಮಾತು. ಸೋಹನಿ ಯಾವಾಗಲೂ ಮೇಲಿನ ಷಡ್ಜದ (ಸ) ಸುತ್ತ, ಅಟ್ಟದ ಮೇಲೇ ಓಡಾಡಿಕೊಂಡಿರುತ್ತದೆ. ಮಾರ್ವಾದಲ್ಲಿ ಮಾತ್ರ ರಿಷಭ ಧೈವತಗಳ (ರಿ, ಧ) ದರ್ಬಾರು, ಎಲ್ಲ ಸ್ವರಗಳಿಗೂ ಆಧಾರವಾದ ಪಾಪ ಷಡ್ಜ ತನ್ನ ಮನೆಯಲ್ಲೇ ನೆಂಟ. ಹಾಡುವವರು ಅದರ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ ತಿರುಗಿ ಹೋಗುತ್ತಾರೆ. ಪಂಚಮ ಇಲ್ಲವಾದ್ದರಿಂದ ಸಾಮಾನ್ಯವಾಗಿ ಪಂಚಮಕ್ಕಿರುವ ತಂಬೂರಿಯ ಮೊದಲ ತಂತಿಯನ್ನೂ ನಿಷಾದಕ್ಕೋ ಧೈವತಕ್ಕೋ ಶ್ರುತಿ ಮಾಡಿರುತ್ತಾರೆ. ಕೇಳುವವನಿಗೆ ಒರಗಿಕೊಳ್ಳಲು ಒಂದು ಗೋಡೆಯೂ ಇರುವುದಿಲ್ಲ. ಹೊತ್ತು ಮುಳುಗುವಾಗ ಹಾಡುವ ರಾಗ ಇದು. ಯಾರೋ ಬರಬೇಕಿತ್ತು, ಇನ್ನೂ ಬಂದಿಲ್ಲ ಎನ್ನುವ ಸಂಕಟ ಅದರಲ್ಲಿದೆ.

ಎರಡನೇ ವಾರ ಇನ್ನೊಬ್ಬ ಹಿಂದುಸ್ತಾನಿ ಗಾಯಕ ವಸಂತರಾವ್ ದೇಶಪಾಂಡೆ. ಮಾರ್ವಾ ಅಂದರೆ ವಸಂತರಾವ್ ಎಂದು ಆಣೆ ಇಡುವವರು ಪುಣೆಯ ಕಡೆ ಸಾಕಷ್ಟು ಜನ ಇದ್ದಾರೆ. ಚೆನ್ನಾಗಿದೆ, ಪಟಾಕಿ ಹಚ್ಚಿದಂಥ ತಾನುಗಳು, ಅಂದರೆ ವೇಗದ ಸ್ವರಸರಣಿಗಳು. ನನಗೆ ಅಷ್ಟು ಬೆಳಕು ಬೇಕಿರಲಿಲ್ಲ, ಅಷ್ಟೇ.

ಮೂರನೇ ವಾರ ಗಂಗೂಬಾಯಿ ಹಾನಗಲ್. ನಾನು ಈ ಬರಹ ಶುರು ಮಾಡಿದ್ದೇ ಇವರ ಸಲುವಾಗಿ.

ನಾನು ಹುಬ್ಬಳ್ಳಿಯ ಹುಡುಗ. ಅವರು ನಮ್ಮೂರಿನ ಹೆಮ್ಮೆ ಎಂದು ಕೇಳುತ್ತಲೇ ಬೆಳೆದವನು. ಆದರೂ ನಿಜ ಹೇಳುತ್ತೇನೆ, ಚಿಕ್ಕವನಿದ್ದಾಗ ಅವರ ಹಾಡು ಹಿಡಿಸುತ್ತಿರಲಿಲ್ಲ. ನಮ್ಮ ಕಾಕಾ ಬೆಳಿಗ್ಗೆ ಎದ್ದರೆ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದರು. ಒಂದು ದಿನ ಹಾಡು ಮುಗಿದ ಮೇಲೆ ಹೆಸರು ಹೇಳಿದರು. ಗಂಗೂಬಾಯಿ ಎಂದು ಕೇಳಿ ನಾನು ಹಲ್ಲುಜ್ಜುವುದನ್ನು ಬಿಟ್ಟು ಓಡಿ ಬಂದೆ. "ಕಾಕಾ, ಅವರು ತಪ್ಪು ಹೇಳ್ಯಾರ. ಹಾಡಿದ್ದು ಗಂಡಸು." ಕಾಕಾ ನಗಲಿಲ್ಲ. "ಬಾಯಿ ತೊಳಕೊಂಡು ಬಾ, ಕೂಡು, ಇನ್ನೊಮ್ಮೆ ಬಂದಾಗ ಕೇಳು" ಎಂದರು. ನಾನು ಬಾಯಿ ತೊಳೆದುಕೊಂಡೆ, ಕೂಡಲಿಲ್ಲ.

ಈ ವಾರ ಒಂದೇ ರಾತ್ರಿ ಅವರ ಎರಡು ದನಿ ಕೇಳಿದೆ. ಮೊದಲನೆಯದು 1930ರ ದಶಕದ ಗ್ರಾಮಾಫೋನ್ ಪ್ಲೇಟು. ಆಗ ಲೇಬಲ್ಲಿನ ಮೇಲೆ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಅವರ ಹಾಡು ಬರುತ್ತಿತ್ತು. ಮೂರು ಚಿಲ್ಲರೆ ನಿಮಿಷ, ಸಣ್ಣ ದನಿ, ತಾರಕಕ್ಕೆ ಚಂಗನೆ ಹಾರುತ್ತದೆ. ಸರಸರ ಸದ್ದಿನ ಹಿಂದೆ ಒಬ್ಬ ಹುಡುಗಿ ನಗುತ್ತ ಹಾಡಿದ ಹಾಗಿದೆ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆ ಆಯಿತು, ದನಿ ಕೆಳಗಿಳಿಯಿತು. ಎರಡನೆಯದು ಅದಾದ ಎಷ್ಟೋ ವರ್ಷಗಳ ನಂತರದ ಮಾರ್ವಾ.

ಆ ಮಾರ್ವಾದಲ್ಲಿ ಅವರು ಕೋಮಲ ರಿಷಭವನ್ನು ಇಡುವ ರೀತಿ ಇದೆಯಲ್ಲ, ಭಾರದ ಕೊಡವನ್ನು ಕಟ್ಟೆಯ ಮೇಲೆ ಇಳಿಸಿದ ಹಾಗೆ. ಸದ್ದಿಲ್ಲ, ಒಂದು ಹನಿ ತುಳುಕುವುದಿಲ್ಲ. ಇಟ್ಟ ಮೇಲೆ ಕೈ ತೆಗೆಯಲು ಅವಸರವೂ ಇಲ್ಲ. ಜಿಪುಣ ದುಡ್ಡು ಎಣಿಸಿ ಎಣಿಸಿ ಖರ್ಚು ಮಾಡುವ ಹಾಗೆ ಸ್ವರ ಬಳಸಬೇಕೆಂದು ಗುರು ಸವಾಯಿ ಗಂಧರ್ವರು ಕಲಿಸಿದ್ದರು ಎಂದು ಅವರು ಹೇಳುತ್ತಿದ್ದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತ ಪಾಠ ಅದು. ಗಾಂಧಾರ ಸಿಗುವ ಹೊತ್ತಿಗೆ ನನ್ನ ಕಾಫಿ ಲೋಟ ತಣ್ಣಗಾಗಿತ್ತು.

ಈಗ ಸ್ವಲ್ಪ ಜಗಳ. ಗಂಗೂಬಾಯಿಯವರ ಬಗ್ಗೆ ಯಾರು ಬರೆದರೂ ಮೊದಲ ಸಾಲು 'ಗಂಡು ದನಿ'. ಹೊಗಳುವವರದ್ದೂ ಅದೇ, ಮೂಗು ಮುರಿಯುವವರದ್ದೂ ಅದೇ. ಅಲ್ಲಿಂದ ಮುಂದೆ ಸಂಗೀತದ ಮಾತು ಬರುವುದೇ ಕಮ್ಮಿ. ಅವರ ಗುರುವಿನ ಗುರು ಅಬ್ದುಲ್ ಕರೀಂ ಖಾನ್ ಸಾಹೇಬರ ದನಿ ಎಷ್ಟು ತೆಳು, ಎಷ್ಟು ಎತ್ತರದ್ದು ಕೇಳಿದ್ದೀರಲ್ಲ? ಅದನ್ನು ಯಾರಾದರೂ 'ಹೆಣ್ಣು ದನಿ' ಎಂದು ಶುರು ಮಾಡುತ್ತಾರಾ? ಸವಾಯಿ ಗಂಧರ್ವರಂತೂ ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರಗಳಿಗೇ ಹೆಸರಾದವರು. ಅವರ ಬಗ್ಗೆ ಬರೆಯುವಾಗ ನಾವು ಕಿರಾಣಾ ಘರಾಣೆ (ಅವರ ಗಾಯನ ಪರಂಪರೆ), ಶ್ರುತಿ, ಆಲಾಪ ಎನ್ನುತ್ತೇವೆ. ಶಿಷ್ಯೆಯ ಸರದಿ ಬಂದಾಗ ಮಾತ್ರ ಗಂಟಲ ಮೇಲೆ ಟಾರ್ಚು ಬಿಡುತ್ತೇವೆ. ನಾನೂ ಬಿಟ್ಟವನೇ, ಹಲ್ಲುಪುಡಿ ಬಾಯಲ್ಲಿಟ್ಟುಕೊಂಡು.

ಆ ದನಿ ಹೋಗಿ ಈ ದನಿ ಬಂದಿದ್ದೇ ಒಳ್ಳೆಯದಾಯಿತು ಎಂದು ಹೇಳುತ್ತಿಲ್ಲ. ಹಾಡುವವರ ದನಿ ಬದಲಾಗುವುದು ಅಂದರೆ ಏನು ಎಂದು ಕೂತು ಕೇಳುವ ನಮಗೆ ಹೇಗೆ ತಿಳಿಯಬೇಕು? ಪ್ಲೇಟಿನ ಹುಡುಗಿಯೂ ನನಗೆ ಬೇಕು. ಆದರೆ ಮಾರ್ವಾ ಬೇಕೆಂದರೆ ಈ ದನಿಯೇ. ಕೆಳಗಿನ ಧೈವತದಲ್ಲಿ ಅವರು ನಿಂತಾಗ ನಮ್ಮ ಪುಟ್ಟ ಸ್ಪೀಕರಿನ ಕೆಳಗಿದ್ದ ಸ್ಟೀಲ್ ತಟ್ಟೆ ಗುಂಯ್ ಎಂದಿತು. ತಟ್ಟೆ ತೆಗೆಯಲು ಎದ್ದೆ, ಆಮೇಲೆ ಬಿಟ್ಟೆ.

ನಿನ್ನೆ ಸಂಜೆ ಮತ್ತೆ ಅದನ್ನೇ ಹಾಕಿದ್ದೆ. ಹೆಂಡತಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು, ಏನೂ ಮಾತಾಡಲಿಲ್ಲ. ಸುಮಾರು ಹೊತ್ತು ಸುತ್ತಿ ಸುತ್ತಿ, ಕೊನೆಗೆ ಒಂದು ಸಲ ಷಡ್ಜಕ್ಕೆ ಬಂದು ನಿಂತರಲ್ಲ, ಅವಳ ಕೈ ನಿಂತಿತು. "ಅಬ್ಬ, ಬಂದ್ರಪ್ಪ ಮನೆಗೆ" ಎಂದಳು. ಒಂದು ನಿಮಿಷ ಬಿಟ್ಟು, "ಹಂಸಾನಂದಿ ಅಲ್ಲ ಬಿಡಿ" ಎಂದಳು.

ನಿಮ್ಮಲ್ಲಿ ಯಾರ ಹತ್ತಿರವಾದರೂ ಗಂಗೂಬಾಯಿಯವರು ಮಗಳು ಕೃಷ್ಣಾ ಜೊತೆ ಹಾಡಿದ ಉದ್ದನೆಯ ಮಾರ್ವಾ ಇದ್ದರೆ ತಿಳಿಸಿ. ಬೇಗ ತಿಳಿಸಿ, ಸೋಮವಾರದಿಂದ ರಾಗ ಬದಲಾಯಿಸಬೇಕೆಂದು ಅಡುಗೆಮನೆಯಿಂದ ಆರ್ಡರ್ ಆಗಿದೆ.